ರಸ್ತೆಗೆ ಅಡ್ಡ ನಿಂತ ಕಥೆ

ಐರ್ಲೆಂಡಿನ ಹಳ್ಳಿಗಳಲ್ಲಿ ಹಳಬರು ಫೇರಿಗಳನ್ನು ಹೆಸರು ಹಿಡಿದು ಕರೀತಿರಲಿಲ್ಲ. 'ಒಳ್ಳೇ ಜನ' ಅಂತಿದ್ರು. ಪ್ರೀತಿಗಲ್ಲ, ಎಲ್ಲಿ ಮುನಿಸಿಕೊಂಡಾರೋ ಅನ್ನೋ ಭಯಕ್ಕೆ! ಹಳೇ ಮಣ್ಣಿನ ದಿಬ್ಬ, ಹೊಲದ ನಡುವಿನ ಒಂಟಿ ಹಾಥಾರ್ನ್ ಮುಳ್ಳುಗಿಡ ಅವರ ಜಾಗ. ಯಾರೂ ಕೊಡಲಿ ಹಾಕಬಾರದು.

1999ರಲ್ಲಿ ಕ್ಲೇರ್ ಕೌಂಟಿಯಲ್ಲಿ ಹೊಸ ರಸ್ತೆಗೆ ಅಂಥದ್ದೇ ಒಂದು ಗಿಡ ಅಡ್ಡ ಬಂತು. ಯುದ್ಧಕ್ಕೆ ಹೊರಟ ಫೇರಿಗಳು ಸೇರುವ ಜಾಗವದು, ಮುಟ್ಟಬೇಡಿ ಎಂದು ಕಥೆಗಾರ ಎಡ್ಡಿ ಲೆನಿಹನ್ ಪಟ್ಟು ಹಿಡಿದರು. ರಸ್ತೆಯೂ ಬಂತು, ಗಿಡವೂ ಉಳೀತು.

ನನ್ನನ್ನು ಹೆಚ್ಚು ಹಿಡಿದಿಟ್ಟಿದ್ದು ಇನ್ನೊಂದು ಸಂಗತಿ. 1937ರಿಂದ 1939ರವರೆಗೆ ಅಲ್ಲಿನ ಶಾಲಾ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು: ಮನೆಯ ಹಿರಿಯರನ್ನು ಕೇಳಿ ಕಥೆ ಬರೆದು ತನ್ನಿ. ಸುಮಾರು 50,000 ಮಕ್ಕಳು ಬರೆದರು. ಹೇಳಿದ ಅಜ್ಜ-ಅಜ್ಜಿಯರು ಈಗಿಲ್ಲ. ಅವರ ಕಥೆಗಳನ್ನು ಮಾತ್ರ ಇವತ್ತೂ ಆನ್‌ಲೈನ್‌ನಲ್ಲಿ ಓದಬಹುದು.

ಆ ಮಕ್ಕಳ ಹತ್ತಿರ ಇದ್ದದ್ದು ಬರೀ ಪೆನ್ನು, ಪುಸ್ತಕ. ನಮ್ಮ ಫೋನಿನಲ್ಲಿ ರೆಕಾರ್ಡರ್ರೇ ಇದೆ. ಈ ಸಲ ಊರಿಗೆ ಹೋದಾಗ ಅದನ್ನು ಆನ್ ಮಾಡಿಟ್ಟು, "ಅಜ್ಜಿ, ಆ ಹುಣಸೆಮರದ ಕಥೆ ಇನ್ನೊಂದ್ಸಲ ಹೇಳು" ಅನ್ನಿ. ಅಜ್ಜಿ ಇರುವಾಗಲೇ ಕೇಳಿಸಿಕೊಳ್ಳಬೇಕಲ್ವಾ?