ಒಗೆಯುವ ಮೆಷಿನ್ನಿಗೇ ಮುಗ್ಗಲು ಹಿಡಿದರೆ?

ಮಳೆಗಾಲ ಬಂತೆಂದರೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತೆಂಬ ಕಾಗದಗಳು ಬಂದೇ ಬರುತ್ತವೆ. ಈ ಸಲ ವಾಷಿಂಗ್ ಮೆಷಿನ್ನಿನ ದೂರೂ ಸೇರಿದೆ. ಸಾಗರದ ಸೋದರಿಯೊಬ್ಬರು ಬರೆಯುತ್ತಾರೆ: “ಅಕ್ಕಾ, ಒಗೆದ ಬಟ್ಟೆಯೇ ಒದ್ದೆ ಗೋಣಿಚೀಲದ ಹಾಗೆ ನಾರುತ್ತೆ. ಪೌಡರು ಎರಡರಷ್ಟು ಹಾಕಿ ನೋಡಿದೆ, ಘಮಘಮ ಅನ್ನೋ ದ್ರವವನ್ನೂ ಹಾಕಿದೆ. ಮಗಳು ಯೂನಿಫಾರಂ ತೊಡಲು ಅಳ್ತಾಳೆ. ಮನೆಯವರು ಮೆಷಿನ್ ಮಾರಿಬಿಡೋಣ ಅಂತಿದ್ದಾರೆ. ನನಗೋ ಸೊಂಟನೋವು, ಮತ್ತೆ ಒಗೆಯೋ ಕಲ್ಲಿನ ಮುಂದೆ ನಿಲ್ಲೋಕೆ ಆಗಲ್ಲ.”

ಮಾರಬೇಡಿ ತಂಗೀ. ಮೆಷಿನ್ ಕೆಟ್ಟಿಲ್ಲ, ಅದರ ಹೊಟ್ಟೆ ಕೆಟ್ಟಿದೆ. ಅದಕ್ಕೆ ಆ ಎರಡರಷ್ಟು ಪೌಡರೇ ದೊಡ್ಡ ಕಾರಣ.

ನಮ್ಮ ಕಣ್ಣಿಗೆ ಕಾಣುವುದು ಒಳಗಿನ ಟಬ್ಬು ಮಾತ್ರ. ಅದರ ಹಿಂದೆ, ಕೆಳಗೆ, ಕೈ ಹೋಗದ ಸಂದುಗಳಿರುತ್ತವೆ. ಕರಗದ ಸೋಪು, ಮೈಯ ಜಿಡ್ಡು, ಬಟ್ಟೆಯ ಜುಂಗು ಎಲ್ಲ ಅಲ್ಲಿ ಸೇರಿ ಲೋಳೆಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣದ ಪದರವೂ ಕೂರುತ್ತದೆ. ತಣ್ಣೀರಿಗೆ ಇದು ಜಗ್ಗುವುದಿಲ್ಲ. ಈ ತೇವದಲ್ಲಿ ಸೂಕ್ಷ್ಮಜೀವಿಗಳು ಸುಖವಾಗಿ ಸಂಸಾರ ಹೂಡುತ್ತವೆ. ಒಗೆದ ಬಟ್ಟೆಯ ಮುಗ್ಗಲಿಗೆ ಮೊರಾಕ್ಸೆಲ್ಲಾ ಎಂಬ ಜಾತಿಯ ಬ್ಯಾಕ್ಟೀರಿಯಾ ಕಾರಣವೆಂದು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಸುವಾಸನೆಯ ದ್ರವ ಅದನ್ನು ಕೊಲ್ಲುವುದಿಲ್ಲ, ಮೇಲೆ ಇನ್ನೊಂದು ಅಂಟಿನ ಪದರ ಬಳಿಯುತ್ತದೆ, ಅಷ್ಟೇ.

ನಿಮ್ಮದು ಎರಡು ಟಬ್ಬಿನ ಮೆಷಿನ್ ಅಂದಿದ್ದೀರಿ. ಮೊದಲು ಪ್ಲಗ್ ಕಿತ್ತು ಜುಂಗು ಹಿಡಿಯುವ ಜಾಲರಿ ಚೀಲವನ್ನು ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಸ್ನಾನದ ನೀರಿಗಿಂತ ತುಸು ಹೆಚ್ಚು ಬಿಸಿಯಾದ ನೀರು ತುಂಬಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಅದಕ್ಕೆ 100 ಗ್ರಾಂ ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂದರೆ ಕೊಡ್ತಾರೆ) ಹಾಕಿ, ಹತ್ತು ನಿಮಿಷ ತಿರುಗಿಸಿ, ಒಂದು ಗಂಟೆ ಹಾಗೇ ಬಿಡಿ. ಹಿಂಡುವ ಟಬ್ಬಿಗೂ ಆ ನೀರನ್ನು ಚೆಂಬಿನಲ್ಲಿ ಹುಯ್ದು ತಿರುಗಿಸಿ. ಮತ್ತೆ ತಿರುಗಿಸಿ ನೀರು ಬಿಟ್ಟಾಗ ಬೂದುಬಣ್ಣದ ಚೂರುಗಳು ಬಂದರೆ ಹೆದರಬೇಡಿ, ಹೊರಗೆ ಬರಬೇಕಾದ್ದೇ ಅದು. ಕೊನೆಗೆ ಬರೀ ನೀರಿನಲ್ಲಿ ಎರಡು ಸಲ ಜಾಲಿಸಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಸಿಟ್ರಿಕ್ ಆಸಿಡ್, ವಿನಿಗರ್, ಕಕ್ಕಸು ತೊಳೆಯುವ ಆಸಿಡ್ ಇವ್ಯಾವುದನ್ನೂ ಬ್ಲೀಚಿನ ಜೊತೆ ಬೆರೆಸಲೇಕೂಡದು. ಕ್ಲೋರಿನ್ ವಿಷಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಇನ್ನು ಅಡುಗೆ ಸೋಡಾಕ್ಕೆ ವಿನಿಗರ್ ಸೇರಿಸಿ ಬುಸಬುಸ ನೊರೆ ಎಬ್ಬಿಸುವವರೂ ಇದ್ದಾರೆ. ನೋಡಲು ಚೆಂದ, ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ.

ಮುಂದೆ ಬಾಗಿಲಿರುವ ಮೆಷಿನ್ ಇದ್ದವರು ತಿಂಗಳಿಗೊಮ್ಮೆ ಬಟ್ಟೆ ಹಾಕದೆ 60 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಓಡಿಸಿ. ಬಾಗಿಲ ಸುತ್ತಣ ರಬ್ಬರಿನ ಮಡಿಕೆಯನ್ನು ಬಿಡಿಸಿ ಒರೆಸಿ, ಮಕ್ಕಳ ಚಡ್ಡಿಜೇಬಿನ ಸಂಪತ್ತೆಲ್ಲ ಅಲ್ಲೇ ಸಿಗುತ್ತದೆ! ಕೆಳಗಿನ ಫಿಲ್ಟರ್ ಬಿಚ್ಚುವಾಗ ಒಂದು ತಟ್ಟೆ ಇಟ್ಟುಕೊಳ್ಳಿ, ನಿಂತ ನೀರು ಸುರಿಯುತ್ತದೆ. ಒಗೆತ ಮುಗಿದ ಮೇಲೆ ಬಾಗಿಲು ಸ್ವಲ್ಪ ತೆರೆದೇ ಇರಲಿ. ಚಿಕ್ಕ ಮಕ್ಕಳಿದ್ದರೆ ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಆಟವಾಡುತ್ತಾ ಒಳಗೆ ಹೊಕ್ಕುಬಿಡುತ್ತವೆ.

ಒಗೆಯದಿದ್ದಾಗಲೂ ಮೆಷಿನ್ನಿನಿಂದ ಚರಂಡಿ ವಾಸನೆ ಬಂದರೆ ಪೈಪನ್ನು ನೋಡಿ. ಮೋರಿಯ ತೂತಿಗೆ ಅದನ್ನು ಆಳಕ್ಕೆ ತುರುಕಿದ್ದರೆ ಕೊಳಕು ಗಾಳಿ ಮೇಲೇರುತ್ತದೆ.

ಮಗಳ ಯೂನಿಫಾರಮ್ಮನ್ನು ಬಿಸಿ ಸೋಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ, ಫ್ಯಾನಿನಡಿ ಬಿಡಿಬಿಡಿಯಾಗಿ ಹರವಿ. ಕರೆಂಟು ಹೋಯಿತೆಂದು ಒದ್ದೆ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಡಬೇಡಿ. ಪೌಡರನ್ನು ಈಗಿನ ಅರ್ಧಕ್ಕೆ ಇಳಿಸಿ. ಕೊನೆಯ ಜಾಲಿಸುವ ನೀರಿನಲ್ಲೂ ನೊರೆ ಉಳಿದರೆ ಇನ್ನೂ ಇಳಿಸಿ.

ಎರಡು ಸಲ ಹೀಗೆ ಮಾಡಿಯೂ ವಾಸನೆ ಹೋಗದಿದ್ದರೆ ಮೆಕ್ಯಾನಿಕ್ಕನ್ನು ಕರೆಸಿ, ತಳದ ತಿರುಗುವ ಚಕ್ರ ಬಿಚ್ಚಿ ತೊಳೆದುಕೊಡಲು ಹೇಳಿ. ಸ್ಕ್ರೂಗೆ ಕೈ ಹಾಕುವ ಮೊದಲೇ ಕೂಲಿ ಎಷ್ಟೆಂದು ಕೇಳಿಬಿಡಿ.