ಟಾಕೀಸು ನಮ್ಮೂರದು, ಬೀಗದ ಕೈ ಗಾಂಧಿನಗರದ್ದು

ಕಳೆದ ವಾರ ನಮ್ಮೂರಿನ ಟಾಕೀಸಿಗೆ ಒಂದು ಸಣ್ಣ ಕನ್ನಡ ಚಿತ್ರ ಬಂದಿತ್ತು. ಶುಕ್ರವಾರಕ್ಕಿಂತ ಭಾನುವಾರ ಜನ ಹೆಚ್ಚಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ಅದರ ಪೋಸ್ಟರಿನ ಮೇಲೆ ಇನ್ನೊಂದು ಪೋಸ್ಟರು! ಯಾಕೆ ಸ್ವಾಮಿ ಎಂದು ಮಾಲೀಕರನ್ನು ಕೇಳಿದೆವು. 'ದಸರಾಕ್ಕೆ ದೊಡ್ಡ ಹೀರೋ ಚಿತ್ರ ಬೇಕಂದ್ರೆ ಈಗ ಅವರು ಕಳಿಸಿದ್ದನ್ನ ಹಾಕ್ಲೇಬೇಕು. ಇಲ್ಲಾಂದ್ರೆ ಹಬ್ಬಕ್ಕೆ ಬಾಗಿಲು ಹಾಕ್ಕೊಂಡು ಕೂರಬೇಕು' ಎಂದರು.

ಬೈಗುಳ ತಿನ್ನುವವರು ಟಾಕೀಸಿನವರು. ಚಿತ್ರ ಎತ್ತಿಸಿದವರು ಬೆಂಗಳೂರಿನ ಗಾಂಧಿನಗರದಲ್ಲಿ ತಣ್ಣಗೆ ಕೂತಿರುತ್ತಾರೆ.

ಹಂಚಿಕೆದಾರರು ಮುಂಗಡ ಕೇಳಲಿ, ಕಲೆಕ್ಷನ್ನಿನಲ್ಲಿ ಶೇಕಡಾವಾರು ಪಾಲು ಕೇಳಲಿ, ತಕರಾರಿಲ್ಲ. ದುಡ್ಡು ಹಾಕಿದವರು ದುಡ್ಡು ಕೇಳುತ್ತಾರೆ. ಆದರೆ ಒಂದು ಚಿತ್ರಕ್ಕೆ ಇನ್ನೊಂದನ್ನು ಗಂಟು ಹಾಕಿ ಮಾರುವುದು ಯಾವ ನ್ಯಾಯ? ಸಕ್ಕರೆ ಬೇಕಾದರೆ ಹುಳ ಬಿದ್ದ ರಾಗಿಯನ್ನೂ ಒಯ್ಯಿರಿ ಎನ್ನುವ ಅಂಗಡಿಯವನನ್ನು ಊರು ಸುಮ್ಮನೆ ಬಿಟ್ಟೀತೆ?

ಇದು ನಮ್ಮೂರೊಂದರ ಕತೆಯಲ್ಲ. 2012ರಲ್ಲಿ ಮುಂಬಯಿಯ ದೊಡ್ಡವರೇ ಇದಕ್ಕಾಗಿ ಕಾದಾಡಿದರು. ರಂಜಾನಿಗೆ 'ಏಕ್ ಥಾ ಟೈಗರ್' ಬೇಕೆಂದ ಚಿತ್ರಮಂದಿರಗಳಿಗೆ, ದೀಪಾವಳಿಗೆ 'ಜಬ್ ತಕ್ ಹೈ ಜಾನ್' ಹಾಕಲೇಬೇಕೆಂಬ ಷರತ್ತು ಬಿತ್ತೆಂದು ನಟ ಅಜಯ್ ದೇವಗನ್ ಅವರ ಸಂಸ್ಥೆ ಸ್ಪರ್ಧಾ ಆಯೋಗಕ್ಕೆ ದೂರಿತು. ಅವರ 'ಸನ್ ಆಫ್ ಸರ್ದಾರ್' ಕೂಡ ಅದೇ ದೀಪಾವಳಿಗೆ ಬರುವುದಿತ್ತು. ಯಶ್ ರಾಜ್ ಸಂಸ್ಥೆಗೆ ಇಡೀ ಮಾರುಕಟ್ಟೆಯ ಮೇಲೆ ಹಿಡಿತವಿಲ್ಲವೆಂದು ಆಯೋಗ ದೂರನ್ನು ಮುಚ್ಚಿತು. ದೇಶದ ಲೆಕ್ಕದಲ್ಲಿ ಅದು ಸರಿಯಿರಬಹುದು. ಒಂದೇ ಪರದೆಯಿರುವ ಊರಿನ ಲೆಕ್ಕವೇ ಬೇರೆ. ಆ ಪರದೆ ಕೈಬಿಟ್ಟರೆ ಸಣ್ಣ ಚಿತ್ರಕ್ಕೆ ಊರೇ ಕೈಬಿಟ್ಟ ಹಾಗೆ.

ಹಿಂದೆ ರೀಲಿನ ಡಬ್ಬ ಬರುತ್ತಿತ್ತು. ಈಗ ಡಿಜಿಟಲ್ ಬೀಗದ ಕೈ ಬರುತ್ತದೆ. ಅದು ಇಂತಿಷ್ಟೇ ದಿನ ತೆರೆಯುತ್ತದೆ, ಆಮೇಲೆ ಪರದೆ ಕತ್ತಲು.

1964ರ ಸಿನಿಮಾ ನಿಯಂತ್ರಣ ಕಾಯಿದೆಯಂತೆ ಟಾಕೀಸಿಗೆ ಲೈಸೆನ್ಸ್ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟರು. ಬಾಗಿಲು ಎಷ್ಟು, ಬೆಂಕಿ ಆರಿಸುವ ಸಾಮಾನು ಇದೆಯೇ ಎಂದೆಲ್ಲ ತಪಾಸಣೆಯಾಗುತ್ತದೆ. ಮಾಲೀಕರ ಕೊರಳಿಗೆ ಬಿದ್ದ ಕರಾರನ್ನು ನೋಡುವವರು ಮಾತ್ರ ಯಾರೂ ಇಲ್ಲ.

ನಿರ್ಮಾಪಕರು, ಹಂಚಿಕೆದಾರರು, ಪ್ರದರ್ಶಕರು ಮೂವರೂ ಇರುವ ವಾಣಿಜ್ಯ ಮಂಡಳಿ ಮನಸ್ಸು ಮಾಡಿದರೆ ಈ ಗಂಟು ಬಿಚ್ಚುವುದು ಕಷ್ಟವೇನಲ್ಲ. ದಿನಕ್ಕೆ ಒಂದು ಆಟವನ್ನಾದರೂ ಮಾಲೀಕರ ಇಷ್ಟಕ್ಕೆ ಬಿಡಲಿ. ಜನ ಟಿಕೆಟ್ ಕೊಳ್ಳುತ್ತಿರುವ ಚಿತ್ರವನ್ನು ಎತ್ತುವ ಹಕ್ಕು ಜನರಿಗಷ್ಟೇ ಇರಲಿ.