ಹಾರುವುದಕ್ಕೂ ಗುರು ಬೇಕು

ನಮ್ಮೂರ ಬಯಲಾಟಗಳಲ್ಲಿ ಹನುಮಂತನು ಸಮುದ್ರವನ್ನು ಲಂಘಿಸುವ ಸನ್ನಿವೇಶವನ್ನು ನೋಡದವರು ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ವಿರಳ. ವೇಷಧಾರಿಯು ಒಮ್ಮೆಲೇ ಹಾರಿಬಿಡುವುದಿಲ್ಲ. ಮಹೇಂದ್ರ ಪರ್ವತದ ಮೇಲೆ ಕಾಲೂರಿ, ಮೈಯನ್ನು ಕುಗ್ಗಿಸಿ, ದೃಷ್ಟಿಯನ್ನು ದೂರದ ದಡದಲ್ಲಿ ನೆಟ್ಟು, ಅನಂತರ ನೆಗೆಯುತ್ತಾನೆ. ಈ ಸಣ್ಣ ಸಂಗತಿಯ ಅರ್ಥ ನನಗೆ ತಿಳಿದದ್ದು ಕೊರಳೆಲುಬು ಮುರಿದ ಮೇಲೆ.

ಎರಡು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ರಬ್ಬರು ತೋಟದ ಬದಿಯಲ್ಲಿ, ರಸ್ತೆಗಾಗಿ ಅಗೆದ ಕೆಂಪು ಮಣ್ಣನ್ನು ರಾಶಿ ಹಾಕಿದ್ದರು. ಮೊಬೈಲಿನಲ್ಲಿ ಡರ್ಟ್ ಬೈಕುಗಳು ಗಾಳಿಯಲ್ಲಿ ತೇಲುವುದನ್ನು ಕಂಡು ಮರುಳಾಗಿದ್ದ ನಾನು, ಅಪ್ಪನ ಬೈಕನ್ನು ಏರಿ ಆ ರಾಶಿಯ ಮೇಲೆ ಓಡಿಸಿದೆ. ತುದಿಗೆ ಬಂದಾಗ ಹೆದರಿಕೆಯಾಯಿತು. ಆಕ್ಸಿಲರೇಟರನ್ನು ಪೂರ್ತಿ ಬಿಟ್ಟೆ. ಮುಂದಿನ ಚಕ್ರ ಕೆಳಮುಖವಾಯಿತು, ನಾನು ಹ್ಯಾಂಡಲಿನ ಮೇಲಿಂದ ಹೋಗಿ ಬಿದ್ದೆ. ಬೈಕಿನ ಫೋರ್ಕ್ ಬಾಗಿತು. ಅಡಿಕೆ ಕೊಯ್ಲಿನ ಕಾಲ. ಆರು ವಾರ ನನ್ನ ಕೈ ಜೋಳಿಗೆಯಲ್ಲಿತ್ತು. ಅಪ್ಪ ಒಂದು ಮಾತನ್ನೂ ಆಡದೆ ಪ್ರತಿದಿನ ಬೆಳಗ್ಗೆ ಹಾಲಿನ ಕ್ಯಾನನ್ನು ಹಿಡಿದುಕೊಂಡು ಸೊಸೈಟಿಗೆ ನಡೆದೇ ಹೋದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬೈದವರು ಅಜ್ಜಿ ಮಾತ್ರ: "ಎಂತ ಮಾರಾಯ, ಹಾರ್ಲಿಕ್ಕೆ ನೀನೇನು ಹನುಮಂತನಾ?"

ಗುಣವಾದ ಮೇಲೆ ಈ ಆಸೆ ನನ್ನನ್ನು ಬಿಟ್ಟುಹೋಯಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಈ ಸಲ ಬೆಂಗಳೂರಿನಲ್ಲಿರುವ ಭಾವನ ಸಹಾಯದಿಂದ ತರಬೇತಿ ಮೈದಾನವೊಂದಕ್ಕೆ ಹೋದೆ. ಅಲ್ಲಿಯ ಗುರುಗಳು ಮೊದಲ ದಿನ ನನ್ನನ್ನು ಒಂದು ಗೇಣೂ ಹಾರಿಸಲಿಲ್ಲ. ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲುವುದು, ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ ಹಿಡಿಯುವುದು, ಮೊಣಕೈಗಳನ್ನು ಅಗಲಿಸುವುದು, ಚಕ್ರದ ಕಡೆಗಲ್ಲದೆ ಮುಂದಿನ ನೆಲದ ಕಡೆಗೆ ನೋಡುವುದು, ಇಷ್ಟೇ ಪಾಠ. ಎರಡನೆಯ ದಿನ ಮೊಣಕಾಲೆತ್ತರದ, ಮೇಲೆ ಮೇಜಿನಂತೆ ಸಪಾಟಾದ ದಿಬ್ಬ ದೊರಕಿತು. ಹಾರಿಕೆ ಕಡಿಮೆಯಾದರೂ ನಡುವೆ ಹೊಂಡವಿಲ್ಲದ ಕಾರಣ ಕಲಿಯುವವನಿಗೆ ಅದೇ ಕ್ಷೇಮ.

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಭೌತಶಾಸ್ತ್ರವೆಂದರೆ ದೂರದಿಂದಲೇ ನಮಸ್ಕಾರ. ಆದರೂ ಇಲ್ಲಿ ಅದು ತಾನಾಗಿ ತಲೆಗೆ ಹತ್ತಿತು. ಏರಿನ ತುದಿಯಲ್ಲಿ ಆಕ್ಸಿಲರೇಟರನ್ನು ತಟ್ಟನೆ ಬಿಟ್ಟರೆ ಭಾರವೆಲ್ಲ ಮುಂದಕ್ಕೆ ಸರಿದು ಮೂತಿ ಬಗ್ಗುತ್ತದೆ. ನಾನು ಬಿದ್ದುದಕ್ಕೆ ಕಾರಣ ಅದೇ. ತುದಿಯವರೆಗೂ ಸಮವಾದ ವೇಗ ಬೇಕು. ಏರಿನಲ್ಲಿ ಮೈಯನ್ನು ಕುಗ್ಗಿಸಿ ಶಾಕ್ ಅಬ್ಸಾರ್ಬರುಗಳನ್ನು ಒತ್ತಿದರೆ ಅವು ಹಿಂದಕ್ಕೆ ಚಿಮ್ಮಿ ಬೈಕನ್ನು ಎತ್ತುತ್ತವೆ. ಹನುಮಂತನು ಕುಗ್ಗಿದ್ದೂ ಇದಕ್ಕೇ ಇರಬೇಕು! ಗಾಳಿಯಲ್ಲಿರುವಾಗ ಕ್ಲಚ್ ಹಿಡಿದು ಹಿಂದಿನ ಬ್ರೇಕನ್ನು ಒತ್ತಿದರೆ, ತಿರುಗುತ್ತಿದ್ದ ಚಕ್ರದ ಕೋನೀಯ ಸಂವೇಗವು ಇಡೀ ಬೈಕಿಗೆ ವರ್ಗವಾಗಿ ಮುಂಭಾಗ ಇಳಿಯುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಅದೇ ಮುಂಭಾಗ ಏಳುತ್ತದೆ. ಇಳಿಯುವಾಗ ಸಪಾಟು ನೆಲಕ್ಕಿಂತ ಇಳಿಜಾರೇ ಒಳ್ಳೆಯದು, ಏಕೆಂದರೆ ಇಳಿಜಾರಿನಲ್ಲಿ ಪೆಟ್ಟು ಹಗುರವಾಗುತ್ತದೆ. ಉಳಿದ ಪೆಟ್ಟನ್ನು ಸಡಿಲವಾದ ಮೊಣಕಾಲುಗಳೂ ಪಾದದ ಗಂಟುಗಳೂ ನುಂಗಿಕೊಳ್ಳಬೇಕು.

ಈ ಕ್ರೀಡೆ ಮೊಬೈಲಿನೊಡನೆ ಹುಟ್ಟಿದ ಹುಚ್ಚಲ್ಲ. 1924ರಲ್ಲಿಯೇ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಇಂತಹ ಸ್ಪರ್ಧೆ ನಡೆದಿತ್ತು. ನಮ್ಮ ನಾಡಿನವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ನಮ್ಮ ನೆರೆಯ ಉಡುಪಿಯ ಕೆ. ಪಿ. ಅರವಿಂದ್ ಅವರು 2019ರಲ್ಲಿ ಅದೇ ರ‍್ಯಾಲಿಯನ್ನು ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರು ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಇವರಾರೂ ರಸ್ತೆಯ ಹಂಪಿನ ಮೇಲೆ ಹಾರಿ ದೊಡ್ಡವರಾದವರಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರು.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಹಿರಿಯರು "ಇದನ್ನು ನಿಲ್ಲಿಸಿ" ಎನ್ನುತ್ತಾರೆ. ಗೆಳೆಯರು "ಧೈರ್ಯವಿದ್ದರೆ ಸಾಕು" ಎನ್ನುತ್ತಾರೆ. ಎರಡೂ ತಪ್ಪೆಂದು ನನಗೆ ತೋರುತ್ತದೆ. ಬರಿಯ ಧೈರ್ಯದ ಫಲವನ್ನು ನನ್ನ ಕೊರಳೆಲುಬು ಬಲ್ಲದು. ಇನ್ನು ನಿಷೇಧದ ಮಾತು: ನಮ್ಮ ಕಂಬಳವನ್ನೇ ನೋಡಿರಿ. 2014ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅದಕ್ಕೆ ತಡೆ ಬಂದಿತು. 2017ರಲ್ಲಿ ರಾಜ್ಯವು ಕಾಯಿದೆಯನ್ನು ತಿದ್ದಿತು. 2023ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳ ಇಂದು ಉಳಿದಿರುವುದು ಕಟ್ಟುಪಾಡುಗಳಿಗೆ ಒಳಪಟ್ಟದ್ದರಿಂದ. ಪುತ್ತೂರಿನ ಕೋಟಿ ಚೆನ್ನಯ ಕಂಬಳದಲ್ಲಿ ಓಡುವವನೂ ಅಭ್ಯಾಸವಿಲ್ಲದೆ ಕೆರೆಗೆ ಇಳಿಯುವುದಿಲ್ಲ. ಕೋಣಕ್ಕೆ ಇರುವ ಮರ್ಯಾದೆ ಬೈಕಿಗೇಕೆ ಇರಬಾರದು?

ಮೂರು ತಾಲೂಕುಗಳಿಗೆ ಸೇರಿ ಒಂದೇ ಒಂದು ಅಭ್ಯಾಸದ ಮೈದಾನವಾದರೂ ಬೇಕು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ನಮ್ಮಲ್ಲಿ ಎಷ್ಟಿಲ್ಲ? ಅವುಗಳಲ್ಲಿ ಒಂದನ್ನು ತುಂಬಿಸಿ, ಎರಡು ಮೂರು ತಗ್ಗಾದ ದಿಬ್ಬಗಳನ್ನು ಕಟ್ಟಿ, ಬಲ್ಲವರೊಬ್ಬರನ್ನು ವಾರಕ್ಕೊಮ್ಮೆ ಕರೆಸಿದರೆ ಸಾಕು. ಹೆಲ್ಮೆಟ್, ಎದೆಗವಚ, ಮೊಣಕಾಲಿನ ಕವಚ, ಗಟ್ಟಿಯಾದ ಬೂಟು ಇಲ್ಲದವನಿಗೆ ಪ್ರವೇಶವಿರಬಾರದು. ಮನೆಯ ಕೆಲಸದ ಬೈಕಿಗಂತೂ ಇರಲೇಬಾರದು. ಅದರ ಶಾಕ್ ಅಬ್ಸಾರ್ಬರುಗಳು ಈ ಪೆಟ್ಟಿಗಾಗಿ ಮಾಡಿದವುಗಳಲ್ಲ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರಲ್ಲಿ ಮುಂದಿನ ಫೋರ್ಕ್ 190 ಮಿಲಿಮೀಟರು ಚಲಿಸುತ್ತದೆ. ಅಂತಹ ಎರಡು ಬೈಕುಗಳನ್ನು ಸಂಘವೇ ಇರಿಸಿಕೊಂಡರೆ ಬಡವರ ಮಕ್ಕಳೂ ಕಲಿತಾರು.

ಆಕ್ಷೇಪಗಳಿಲ್ಲದೆ ಇಲ್ಲ. ಶಬ್ದವಾದೀತು, ಮಣ್ಣು ಕೊಚ್ಚಿಹೋದೀತು. ಒಪ್ಪುತ್ತೇನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆಯಲ್ಲಿ ಮೈದಾನವನ್ನು ಮುಚ್ಚಲೇಬೇಕು, ಇಲ್ಲವಾದರೆ ಆ ಕೆಸರು ಯಾರದೋ ಅಡಿಕೆ ತೋಟಕ್ಕೆ ಇಳಿದೀತು. ಆನೆಗಳು ತಿರುಗಾಡುವ ಕಾಡಿನ ಬದಿಗೆ ಹೋಗಬಾರದು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯವಾಡುವುದು 1988ರ ಮೋಟಾರು ವಾಹನ ಕಾಯಿದೆಯಂತೆ ಅಪರಾಧ. ಅದು ಅಪರಾಧವಾಗಿಯೇ ಇರಲಿ. ರಸ್ತೆಯ ಹುಡುಗರನ್ನು ರಸ್ತೆಯಿಂದ ಬಿಡಿಸಲೆಂದೇ ನಾನು ಮೈದಾನವನ್ನು ಕೇಳುತ್ತಿರುವುದು. ಕಬಡ್ಡಿ, ವಾಲಿಬಾಲುಗಳಿಗೆ ಅಂಗಳ ಕೊಟ್ಟ ನಮ್ಮ ಅಧ್ಯಾಪಕರು ಈ ಮಾತನ್ನು ಒಮ್ಮೆ ಯೋಚಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ.

ಕಳೆದ ತಿಂಗಳು, ರಿಪೇರಿಯಾದ ಬೈಕನ್ನು ಒರೆಸುತ್ತಿದ್ದಾಗ, ಅಪ್ಪ ಮೊದಲ ಸಲ ಆ ವಿಷಯವೆತ್ತಿದರು. "ಇನ್ನೂ ಹಾರುದುಂಟಾ?"

"ಉಂಟು ಅಪ್ಪ. ಆದರೆ ಇದರಲ್ಲಿ ಅಲ್ಲ, ರಸ್ತೆಯಲ್ಲೂ ಅಲ್ಲ. ಕಲಿತವರ ಎದುರಲ್ಲಿ ಮಾತ್ರ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಲಿನ ಕ್ಯಾನನ್ನು ನನ್ನ ಕೈಗೆ ಕೊಟ್ಟರು. "ಸರಿ. ಮೊದಲು ಇದನ್ನು ಚೆಲ್ಲದೆ ಸೊಸೈಟಿಗೆ ಮುಟ್ಟಿಸು."